ಮರಣಾನಂತರದ ದೈವನ್ಯಾಯ: ಹಾಸನದ ಮಲೆಸೀಮೆಗೆ ಬಂದ ಕ್ರೈಸ್ತಬೋಧೆಯ ಚರಿತ್ರೆ

ದೇಹವು ಬಿದ್ದ ಬಳಿಕ ಜೀವನನ್ನು ಪ್ರಶ್ನಿಸುವವರು ಯಾರು, ಅವರು ಕೇಳುವ ಲೆಕ್ಕವು ಯಾವುದು, ಆ ಲೆಕ್ಕದಲ್ಲಿ ತಪ್ಪಿದವನ ಗತಿಯೇನು ಎಂಬೀ ಮೂರು ಪ್ರಶ್ನೆಗಳನ್ನು ಎತ್ತದ ಮತವು ಲೋಕದಲ್ಲಿ ದುರ್ಲಭ. ಉತ್ತರಗಳು ಮಾತ್ರ ದೇಶಕಾಲಗಳಿಗನುಸಾರವಾಗಿ ಭಿನ್ನವಾಗಿರುವುವು. ಅನ್ಯಮತದವರು ಕೊಟ್ಟ ಉತ್ತರವನ್ನು ದ್ವೇಷಪಕ್ಷಪಾತಗಳಿಲ್ಲದೆ ತಿಳಿದುಕೊಂಡವನಿಗೆ ಸ್ವಮತದ ಉತ್ತರವು ಮತ್ತಷ್ಟು ಸ್ಫುಟವಾಗಿ ಕಾಣುವುದು. ಆದಕಾರಣ ಹಾಸನ ಸೀಮೆಯ ಮಲೆಗಳ ನೆರೆಯಲ್ಲಿ ಎರಡು ಶತಮಾನಗಳಿಗೂ ಮಿಗಿಲಾಗಿ ಬೇರೂರಿರುವ ಕ್ರೈಸ್ತಬೋಧೆಯೊಂದರ ಚರಿತ್ರೆಯನ್ನು ಭಕ್ತಮಹಾಶಯರ ಅವಗಾಹನೆಗೆ ತರುವುದು ಉಚಿತವಾಗಿದೆ.

ಸಕಲೇಶಪುರದಿಂದ ದಕ್ಷಿಣಕ್ಕೆ ಸಾಗಿ ಬಿಸಿಲೆಯ ಘಟ್ಟವನ್ನು ಇಳಿದರೆ ಕುಕ್ಕೆ ಸುಬ್ರಹ್ಮಣ್ಯವೂ ಅದರಾಚೆಗೆ ಕರಾವಳಿಯ ನಾಡೂ ದೊರೆಯುವುವು. ಘಟ್ಟದ ಮೇಲಿನ ಹಾಸನ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ವಿಶೇಷವಾಗಿವೆ. ಮರಣಾನಂತರದ ಗತಿಯನ್ನು ಕುರಿತು ಈ ನೆಲವು ಕೊಟ್ಟ ಹಳೆಯ ಉತ್ತರವು ಆ ಕಲ್ಲುಗಳಲ್ಲಿಯೇ ಕೆತ್ತಲ್ಪಟ್ಟಿರುವುದು. ಕೆಳಗಣ ಪಟ್ಟಿಕೆಯಲ್ಲಿ ತುರುಗಳಿಗಾಗಿಯೋ ಊರಿಗಾಗಿಯೋ ಕಾದಿ ಮಡಿಯುವ ವೀರನು; ನಡುವಣ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ದೇವಕನ್ಯೆಯರು; ಮೇಲಣ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರನು. ಈ ಮೂರು ಪಟ್ಟಿಕೆಗಳ ನಡುವೆ ನ್ಯಾಯಸಭೆಯೆಂಬುದಿಲ್ಲ, ಸಾಕ್ಷಿಗಳಿಲ್ಲ, ತೀರ್ಪಿಲ್ಲ. ಸತ್ತ ರೀತಿಯೇ ಬದುಕಿನ ತೀರ್ಪೆಂದು ಆ ಶಿಲ್ಪಿಯು ತಿಳಿದಿದ್ದನು. ಪುರಾಣಗಳನ್ನು ಕೇಳಿ ಬೆಳೆದ ಜನರಿಗಾದರೋ ಯಮಧರ್ಮನ ಸಭೆಯೂ ಚಿತ್ರಗುಪ್ತನ ಕಡತವೂ ಪರಿಚಿತವಾಗಿದ್ದುವು. ಆದರೆ ಆ ಯಮನ ನರಕವು ಶಾಶ್ವತವಲ್ಲ. ಕರ್ಮಫಲವು ತೀರಿದೊಡನೆ ಜೀವನು ಮರಳಿ ಜನ್ಮವೆತ್ತುವನು. ಇಂತಹ ನಾಡಿಗೆ, ಮನುಷ್ಯನಿಗೆ ಜನ್ಮವೊಂದೇ, ಮರಣವೊಂದೇ, ಆಮೇಲಿನ ತೀರ್ಪೂ ಒಂದೇ ಎಂದು ಸಾರುವ ಬೋಧೆಯು ಬಂದಿತು.

ಆ ಬೋಧೆಯ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ರೋಮಿನ ಕಥೋಲಿಕ ಸಭೆಯ ಮತದಂತೆ ತೀರ್ಪು ಎರಡು ಬಗೆ. ಪ್ರಾಣವು ಹೋದ ಕ್ಷಣದಲ್ಲಿಯೇ ಪ್ರತಿಯೊಂದು ಆತ್ಮಕ್ಕೂ ಪ್ರತ್ಯೇಕವಾಗಿ ಆಗುವ ತೀರ್ಪು ಮೊದಲನೆಯದು. ಲೋಕಾಂತ್ಯದಲ್ಲಿ ಸತ್ತವರೆಲ್ಲರೂ ದೇಹಸಹಿತರಾಗಿ ಎದ್ದು ನಿಲ್ಲುವಾಗ ಕ್ರಿಸ್ತನು ಸರ್ವರ ಸಮಕ್ಷಮದಲ್ಲಿ ಕೊಡುವ ತೀರ್ಪು ಎರಡನೆಯದು. ಮೊದಲನೆಯ ತೀರ್ಪಾದೊಡನೆಯೇ ಆತ್ಮವು ತನ್ನ ಫಲವನ್ನು ಹೊಂದುವುದೋ, ಕಡೆಯ ದಿನದವರೆಗೆ ಕಾದಿರುವುದೋ ಎಂಬ ವಿವಾದವು ಯೂರೋಪಿನಲ್ಲಿ ಬಹಳವಾಗಿ ನಡೆದು, ಕ್ರಿ. ಶ. ೧೩೩೬ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಜಗದ್ಗುರುವು ಫಲವು ಒಡನೆಯೇ ದೊರೆಯುವುದೆಂದು ನಿರ್ಣಯಿಸಿದನು. ಪೂರ್ಣಶುದ್ಧರಿಗೆ ಸ್ವರ್ಗ, ಮಹಾಪಾಪದಲ್ಲಿಯೇ ಪಶ್ಚಾತ್ತಾಪವಿಲ್ಲದೆ ಸತ್ತವರಿಗೆ ನರಕ, ದೇವರ ಸ್ನೇಹದಲ್ಲಿ ಸತ್ತರೂ ಕಲ್ಮಷವು ಉಳಿದವರಿಗೆ ಶುದ್ಧೀಕರಣ ಸ್ಥಾನವೆಂಬ ನಡುವಣ ಅವಸ್ಥೆ. ಈ ಮೂರನೆಯದನ್ನು ಕ್ರಿ. ಶ. ೧೨೭೪ರ ಲಿಯೋನ್ ಮಹಾಸಭೆಯೂ ೧೪೩೯ರ ಫ್ಲಾರೆನ್ಸ್ ಮಹಾಸಭೆಯೂ ಅಂಗೀಕರಿಸಿದುವು. ಆ ಅವಸ್ಥೆಯಲ್ಲಿರುವ ಆತ್ಮಗಳಿಗಾಗಿ ಬದುಕಿರುವವರು ಪ್ರಾರ್ಥಿಸಬಹುದು. ಪ್ರತಿ ವರ್ಷವೂ ನವೆಂಬರ್ ೨ನೆಯ ದಿನ ಕಥೋಲಿಕರು ಗೋರಿಗಳನ್ನು ಶುಚಿಮಾಡಿ ಮೊಂಬತ್ತಿಗಳನ್ನು ಹಚ್ಚಿಡುವ ಆಚಾರವು ಇದರಿಂದ ಹುಟ್ಟಿದುದು. ೧೫೧೭ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು ಪಾಪಕ್ಷಮೆಯ ಪತ್ರಗಳ ವ್ಯಾಪಾರವನ್ನು ಖಂಡಿಸಿದ ಮೇಲೆ ಬೇರೆಯಾದ ಪ್ರೊಟೆಸ್ಟೆಂಟರು ಈ ನಡುವಣ ಅವಸ್ಥೆಯನ್ನು ತ್ಯಜಿಸಿ ಸ್ವರ್ಗನರಕಗಳೆರಡನ್ನೇ ಉಳಿಸಿಕೊಂಡರು.

ಕಡೆಯ ತೀರ್ಪಿನ ದಿನ ಕೇಳಲ್ಪಡುವ ಲೆಕ್ಕವು ಯಾವುದೆಂಬುದು ಮತ್ತಾಯನ ಸುವಾರ್ತೆಯ ೨೫ನೆಯ ಅಧ್ಯಾಯದಲ್ಲಿದೆ. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ರಾಜನು ಜನಾಂಗಗಳನ್ನು ಬಲಕ್ಕೂ ಎಡಕ್ಕೂ ವಿಂಗಡಿಸುವನು. ಹಸಿದವರಿಗೆ ಉಣಬಡಿಸಿದವರು, ಬಾಯಾರಿದವರಿಗೆ ನೀರೆರೆದವರು, ಪರದೇಶಿಗೆ ಇಂಬು ಕೊಟ್ಟವರು, ರೋಗಿಯನ್ನೂ ಸೆರೆಯಾಳನ್ನೂ ನೋಡಿಕೊಂಡವರು ಬಲಭಾಗದವರು. ಅವರು ಮಾಡಿದುದೆಲ್ಲವೂ ತನಗೇ ಸಂದಿತೆಂದು ರಾಜನು ಹೇಳುವನು. ದಾಸೋಹದ ನೆರಳಿನಲ್ಲಿ ಬೆಳೆದವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾದುದಿಲ್ಲ.

ಯೇಸುಸಭೆಯವರು ಈ ಬೋಧೆಯನ್ನು ಮೈಸೂರು ದೇಶಕ್ಕೆ ತಂದುದು ಹದಿನೇಳನೆಯ ಶತಮಾನದ ನಡುವಿನಲ್ಲಿ. ಯೇಸುಸಭೆಯ ಇಟಲಿ ದೇಶದ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಎಂಬಾತನು ಶ್ರೀರಂಗಪಟ್ಟಣಕ್ಕೆ ಬಂದು ನೆಲಸಿ, ಕನ್ನಡವನ್ನು ಕಲಿತು, ಕ್ರೈಸ್ತ ಪ್ರಶ್ನೋತ್ತರಗಳ ಬೋಧಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಯೇಸುಸಭೆಯು ೧೭೭೩ರಲ್ಲಿ ಜಗದ್ಗುರುವಿನ ಆಜ್ಞೆಯಿಂದ ವಿಸರ್ಜಿತವಾದ ಕಾರಣ ಆ ಮಂಡಲಿಯ ಕಾರ್ಯವು ಕುಂದಿತು. ಅದಾದ ಹತ್ತು ವರ್ಷಗಳ ಮೇಲೆ ಕರಾವಳಿಯ ಕ್ರೈಸ್ತರಿಗೆ ಮಹಾವಿಪತ್ತು ಒದಗಿತು. ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪೂ ಸುಲ್ತಾನನು ೧೭೮೪ರ ಆದಿಭಾಗದಲ್ಲಿ ಅವರನ್ನು ಸೆರೆಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಉಳಿದವರಲ್ಲಿ ಅನೇಕರು ಬಲಾತ್ಕಾರದಿಂದ ಮತಾಂತರಿಸಲ್ಪಟ್ಟರು. ೧೭೯೯ರ ಮೇ ೪ನೆಯ ದಿನ ಟಿಪ್ಪುವು ಮಡಿದು ಶ್ರೀರಂಗಪಟ್ಟಣವು ಬೀಳುವವರೆಗೆ, ಎಂದರೆ ಹದಿನೈದು ವರ್ಷಗಳ ಪರ್ಯಂತ, ಅವರ ಅವಸ್ಥೆಯು ಹೀಗೆಯೇ ಇದ್ದಿತು.

ಮರಣಾನಂತರದ ನ್ಯಾಯವೆಂಬ ಬೋಧೆಯು ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯದೆ ಜನರ ಎದೆಯ ಪ್ರಶ್ನೆಯಾದುದು ಈ ಸಂದರ್ಭದಲ್ಲಿ. ಸೆರೆಯಿಂದ ಬಿಡುಗಡೆಯಾಗಿ ಬಂದವರು ಮುಖ್ಯವಾಗಿ ಎರಡು ಮಾತುಗಳನ್ನು ಕೇಳತಕ್ಕವರಾದರು. ಪ್ರಾಣಭಯದಿಂದ ಮತವನ್ನು ಬಿಟ್ಟ ತಮಗೆ ದೇವರ ಮುಂದೆ ಗತಿಯುಂಟೇ ಎಂಬುದು ಒಂದು. ಹಾಗೆ ಬಿಟ್ಟವರಾಗಿಯೇ, ಪಾದ್ರಿಯ ಮುಖವನ್ನೂ ಕಾಣದೆ, ಪಾಪನಿವೇದನೆಯನ್ನೂ ಮಾಡದೆ ಸೆರೆಯಲ್ಲಿ ಸತ್ತ ತಂದೆತಾಯಿಗಳ ಗತಿಯೇನು ಎಂಬುದು ಮತ್ತೊಂದು. ಜನ್ಮವೊಂದೇ, ತೀರ್ಪೊಂದೇ ಎಂದು ನಂಬಿದವರಿಗೆ ಈ ಪ್ರಶ್ನೆಗಳಿಗಿಂತ ಭಾರವಾದುದು ಯಾವುದಿದೆ?

ಇಂತಹ ಪ್ರಶ್ನೆಯು ಕ್ರೈಸ್ತಮತಕ್ಕೆ ಹೊಸದಾಗಿರಲಿಲ್ಲ. ಕ್ರಿ. ಶ. ೨೫೦ರಲ್ಲಿ ರೋಮಿನ ಚಕ್ರವರ್ತಿ ದೇಸಿಯಸನು ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿಯನ್ನರ್ಪಿಸಬೇಕೆಂದು ಆಜ್ಞೆ ಮಾಡಿದಾಗ ಅಸಂಖ್ಯಾತ ಕ್ರೈಸ್ತರು ಹೆದರಿ ಹಾಗೆಯೇ ಮಾಡಿದ್ದರು. ಉಪದ್ರವವು ಶಮನವಾದ ಬಳಿಕ ಅವರು ಮರಳಿ ಸಭೆಯ ಬಾಗಿಲಿಗೆ ಬಂದು ನಿಂತರು. ರೋಮಿನ ನೊವಾಷಿಯನ್ ಎಂಬಾತನು ಅವರನ್ನು ಸಭೆಗೆ ಸೇರಿಸತಕ್ಕದ್ದಲ್ಲ, ಅವರ ವಿಷಯವನ್ನು ದೇವರ ತೀರ್ಪಿಗೇ ಬಿಡಬೇಕು ಎಂದು ಹಟ ಹಿಡಿದನು. ಆಫ್ರಿಕ ಖಂಡದ ಕಾರ್ಥೇಜಿನ ಬಿಷಪ್ ಸಿಪ್ರಿಯನನು ೨೫೧ರಲ್ಲಿ ಸಭೆ ಕೂಡಿಸಿ, ಪಶ್ಚಾತ್ತಾಪಪಟ್ಟು ಪ್ರಾಯಶ್ಚಿತ್ತವನ್ನು ನಡೆಸಿದವರನ್ನು ಸೇರಿಸಿಕೊಳ್ಳಬೇಕೆಂದು ನಿರ್ಣಯವನ್ನು ಮಾಡಿಸಿದನು. ಸಾಯುವ ಸ್ಥಿತಿಯಲ್ಲಿರುವವನಿಗೆ ಕಡೆಯ ಪ್ರಸಾದವನ್ನು ನಿರಾಕರಿಸಕೂಡದೆಂದು ೩೨೫ರ ನೈಸೀಯ ಮಹಾಸಭೆಯು ವಿಧಿಸಿತು. ಪಾದ್ರಿಯು ದೊರೆಯದೆ ಸಾಯುವವನ ವಿಷಯದಲ್ಲಿ ೧೫೫೧ರ ಟ್ರೆಂಟ್ ಮಹಾಸಭೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಭಯದಿಂದಲ್ಲದೆ ದೇವರ ಮೇಲಣ ಪ್ರೀತಿಯಿಂದ ಹುಟ್ಟಿದ ಪೂರ್ಣ ಪಶ್ಚಾತ್ತಾಪವು, ಪಾಪನಿವೇದನೆಯ ಇಚ್ಛೆಯೊಡನೆ ಕೂಡಿದ್ದರೆ, ಆ ನಿವೇದನೆಯು ನಡೆಯುವುದಕ್ಕೆ ಮುನ್ನವೇ ಮನುಷ್ಯನನ್ನು ದೇವರೊಡನೆ ಸಂಧಾನಗೊಳಿಸುವುದೆಂದು ಹೇಳಿತು. ಹೀಗಾಗಿ ಸೆರೆಯಲ್ಲಿ ಸತ್ತವರಿಗೂ ಶಾಸ್ತ್ರವು ಬಾಗಿಲನ್ನು ಮುಚ್ಚಿರಲಿಲ್ಲ. ಅವರ ಕಡೆಯ ಕ್ಷಣದ ಮನಸ್ಸು ದೇವರೊಬ್ಬನಿಗೇ ಗೊತ್ತು; ಬದುಕಿರುವವರು ಪ್ರಾರ್ಥಿಸಬಹುದು.

ಈ ವಿಧಿಗಳನ್ನು ಹೊತ್ತು ಶ್ರೀರಂಗಪಟ್ಟಣಕ್ಕೆ ಬಂದವನು ಅಬ್ಬೆ ದುಬೊಯ್ ಎಂಬ ಫ್ರೆಂಚ್ ಪಾದ್ರಿ. ೧೭೯೨ರಲ್ಲಿ, ಫ್ರಾನ್ಸಿನಲ್ಲಿ ರಾಜ್ಯಕ್ರಾಂತಿಯ ಉರಿಯು ಪಾದ್ರಿಗಳನ್ನು ಸುತ್ತುತ್ತಿದ್ದ ಕಾಲದಲ್ಲಿ, ಈತನು ದೀಕ್ಷೆ ಪಡೆದು ಇಂಡಿಯಾ ದೇಶಕ್ಕೆ ಹೊರಟನು. ಪಟ್ಟಣವು ಬಿದ್ದ ಬಳಿಕ ಕರ್ನಲ್ ವೆಲ್ಲೆಸ್ಲಿಯ ಸೂಚನೆಯಂತೆ ಮೈಸೂರಿನ ಕ್ರೈಸ್ತರು ಅವನನ್ನು ಬರಮಾಡಿಕೊಂಡರು. ಚದುರಿಹೋದವರನ್ನು ಒಟ್ಟುಗೂಡಿಸುವುದೂ, ಬಲಾತ್ಕಾರದಿಂದ ಮತವನ್ನು ಬಿಟ್ಟವರನ್ನು ಪುನಃ ಸೇರಿಸಿಕೊಳ್ಳುವುದೂ ಅವನಿಗೆ ಒಪ್ಪಿಸಲ್ಪಟ್ಟ ಕಾರ್ಯ. ಈತನು ಈ ದೇಶದ ಉಡುಪನ್ನು ತೊಟ್ಟು, ದೇಶೀಯರ ಊಟೋಪಚಾರಗಳನ್ನು ಅನುಸರಿಸಿ ಬಾಳಿದನು. ಜನರು ಅವನನ್ನು “ದೊಡ್ಡಸ್ವಾಮಿಯವರು” ಎಂದು ಕರೆಯುತ್ತಿದ್ದರು. ಮಠಗಳ ನಾಡಿನಲ್ಲಿ ಆ ಹೆಸರು ಸುಲಭವಾಗಿ ದೊರೆಯತಕ್ಕುದಲ್ಲ.

ಆ ದೊಡ್ಡಸ್ವಾಮಿಯು ಮಾಡಿದುದರಲ್ಲಿ ಹಾಸನ ಸೀಮೆಗೆ ಸಂಬಂಧಪಟ್ಟುದೇ ಮುಖ್ಯವಾದುದು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವನು ಕ್ರೈಸ್ತ ಒಕ್ಕಲುಗಳ ನೆಲೆಯನ್ನು ಸ್ಥಾಪಿಸಿದನು. ಮುಂದೆ ಅದು ಸುತ್ತಣ ಅನೇಕ ಹಳ್ಳಿಗಳ ಕ್ರೈಸ್ತರಿಗೆ ಕೇಂದ್ರವಾಯಿತು. ಪ್ರಾಯಶ್ಚಿತ್ತವು ಬರಿಯ ಉಪವಾಸಜಪಗಳಲ್ಲಿ ಮುಗಿಯದೆ ನೇಗಿಲಿನ ಸಾಲಿನಲ್ಲಿ ಮುಂದುವರಿಯಿತೆಂದು ಇದನ್ನು ಗ್ರಹಿಸಬಹುದು. ಊರಿಲ್ಲದವರಿಗೆ ಊರು ದೊರೆತು, ಮನೆಮಠಗಳನ್ನು ಕಳೆದುಕೊಂಡವರಿಗೆ ಹೊಲಗದ್ದೆಗಳಾದುವು. ೧೮೦೩-೦೪ರಲ್ಲಿ ಸಿಡುಬಿನ ಹಾಕುವಿಕೆಯು ಈ ದೇಶಕ್ಕೆ ಆಗತಾನೆ ಬಂದಾಗ, ಜನರ ಹೆದರಿಕೆಯನ್ನು ಎದುರಿಸಿ ಅದನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿ ಈತನು ಮುಂದಾಳು. ಮರಣಾನಂತರದ ತೀರ್ಪನ್ನು ಬೋಧಿಸಬಂದವನು ಮರಣಕ್ಕೆ ಮುಂಚಿನ ಅನ್ನಾರೋಗ್ಯಗಳಿಗಾಗಿ ಇಷ್ಟು ದುಡಿದುದು ವಿಚಾರಾರ್ಹವಾಗಿದೆ. ಮತ್ತಾಯನ ೨೫ನೆಯ ಅಧ್ಯಾಯವನ್ನು ಅವನು ನಡೆದು ತೋರಿಸಿದನೆನ್ನಬೇಕು.

ಬೋಧೆಯು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗುವಾಗ ಮಾತುಗಳನ್ನು ಸಾಲ ಪಡೆಯಲೇಬೇಕು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಕಾರ್ಯವನ್ನು ಕೈಕೊಂಡನು. ೧೮೩೦ರ ದಶಕದ ಆದಿಯಲ್ಲಿ ಸಂಪೂರ್ಣ ಗ್ರಂಥವು ಅಚ್ಚಾಯಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಅದನ್ನು ತಿದ್ದುವ ಕೆಲಸದಲ್ಲಿ ಸೇರಿದರು. ದೇವರ ರಾಜ್ಯಕ್ಕೆ ಅವರು “ಸ್ವರ್ಗ”ವೆನ್ನದೆ “ಪರಲೋಕ”ವೆಂದರು. ಸ್ವರ್ಗವೆಂದರೆ ಇಂದ್ರನ ಸಭೆಯೂ ರಂಭೆಯ ನಾಟ್ಯವೂ ಕೇಳುವವನ ಮನಸ್ಸಿಗೆ ಬರುವುವಷ್ಟೆ. ಸತ್ತವರೆಲ್ಲರೂ ಸೇರುವ ನೆರಳಿನ ಲೋಕಕ್ಕೆ “ಪಾತಾಳ”ವೆಂಬ ಹೆಸರಾಯಿತು. ದಂಡನೆಯ ಸ್ಥಾನಕ್ಕಾದರೋ “ನರಕ”ವೆಂಬುದನ್ನೇ ಇಟ್ಟುಕೊಂಡರು. ಆದರೆ ಪುರಾಣದ ನರಕವು ಕರ್ಮವು ತೀರುವವರೆಗಿನ ಸೆರೆಮನೆ, ಬೈಬಲಿನ ನರಕವು ಕೊನೆಯಿಲ್ಲದ ಶಿಕ್ಷೆ. ಕಿವಿಗೆ ಬೀಳುವ ಶಬ್ದವೊಂದೇ ಆದರೂ ಅದರ ಹಿಂದಿನ ಕಾಲಮಾನಗಳೆರಡು. ಆದಕಾರಣ ಪಾದ್ರಿಯು ಗುಡುಗಿದಷ್ಟು ಭಯವು ಕೇಳುವವನಲ್ಲಿ ಹುಟ್ಟದೆ ಇದ್ದುದು ಆಶ್ಚರ್ಯವಲ್ಲ.

ಇನ್ನು ವೀರಶೈವ ಸಮಾಜವನ್ನು ಕುರಿತು ಅಬ್ಬೆ ದುಬೊಯ್ ಬರೆದಿಟ್ಟ ಮಾತನ್ನು ಪರಿಶೀಲಿಸಬೇಕಾಗಿದೆ. ಹಿಂದೂ ಜನರ ಆಚಾರವ್ಯವಹಾರಗಳನ್ನು ಕುರಿತ ಅವನ ಬರೆಹವನ್ನು ಈಸ್ಟ್ ಇಂಡಿಯಾ ಕಂಪನಿಯು ೧೮೦೭ರಲ್ಲಿ ೨,೦೦೦ ವರಹಗಳಿಗೆ ಕೊಂಡುಕೊಂಡಿತು. ಆ ಬರೆಹದ ಬಹುಭಾಗವು ಕ್ಯೂರ್ದೂ ಎಂಬ ಹಿಂದಿನ ಯೇಸುಸಭೆಯ ಪಾದ್ರಿಯ ಕೃತಿಯಿಂದ ಎತ್ತಿಕೊಂಡುದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ೧೯೮೭ರಲ್ಲಿ ತೋರಿಸಿಕೊಟ್ಟಳು. ಅದು ಹಾಗಿರಲಿ. ಲಿಂಗವಂತರು ಪುನರ್ಜನ್ಮವನ್ನು ಒಪ್ಪುವುದಿಲ್ಲವೆಂದೂ, ಸತ್ತವರಿಗೆ ವಾರ್ಷಿಕ ತಿಥಿಶ್ರಾದ್ಧಗಳನ್ನು ಮಾಡುವುದಿಲ್ಲವೆಂದೂ, ಆದುದರಿಂದ ಹೂಳಲ್ಪಟ್ಟವನು ಅವರಲ್ಲಿ ಬೇಗನೆ ಮರೆಯಲ್ಪಡುವನೆಂದೂ ಆ ಗ್ರಂಥದಲ್ಲಿ ಹೇಳಿದೆ. ಶ್ರಾದ್ಧವಿಲ್ಲವೆಂಬುದು ಕಂಡ ಸಂಗತಿ. ಮರೆವೆಂಬುದಾದರೋ ಹೊರಗಣಿಂದ ನೋಡಿದವನ ಊಹೆ. ಗದ್ದುಗೆಯ ಮುಂದೆ ದಿನದಿನವೂ ದೀಪ ಉರಿಯುವ, ವರ್ಷವರ್ಷವೂ ಪುಣ್ಯಾರಾಧನೆ ನಡೆಯುವ ನಾಡಿನಲ್ಲಿ ಆ ಊಹೆಯು ನಿಲ್ಲಲಾರದು. ತಿಥಿಯಿಲ್ಲದಿರುವುದರ ಕಾರಣವು ಬೇರೆ: ಲಿಂಗದಲ್ಲಿ ಐಕ್ಯನಾದವನಿಗೆ ಪಿಂಡದ ಹಂಗಿಲ್ಲ, ಯಮನ ಬಾಕಿಯಿಲ್ಲ, ಸೂತಕವಿಲ್ಲ.

ಹೂಳುವ ಆಚಾರದಲ್ಲಿಯೇ ಎರಡು ಮತಗಳ ಹೃದಯವನ್ನೂ ಕಾಣಬಹುದು. ಕ್ರೈಸ್ತರೂ ಹೂಳುವರು, ಲಿಂಗವಂತರೂ ಹೂಳುವರು. ಕ್ರೈಸ್ತನನ್ನು ನಿದ್ರಿಸುವವನಂತೆ ಮಲಗಿಸುವರು. ಕಡೆಯ ದಿನ ತುತೂರಿಯು ಮೊಳಗುವಾಗ ಅವನು ಎದ್ದು ತೀರ್ಪಿಗೆ ನಿಲ್ಲಬೇಕಾಗಿದೆ, ಅಲ್ಲಿಯವರೆಗೆ ಅವನು ಕಾದಿರುವವನು. ಲಿಂಗವಂತನನ್ನಾದರೋ ವಿಭೂತಿಧಾರಣೆ ಮಾಡಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ಪೂಜೆಗೆ ಕುಳಿತವನಂತೆ ಕುಳ್ಳಿರಿಸುವರು. ಅವನು ಯಾರ ಕರೆಗೂ ಕಾದಿರುವವನಲ್ಲ, ಸೇರಬೇಕಾದಲ್ಲಿ ಸೇರಿದವನು. ಒಬ್ಬನ ಲೆಕ್ಕವು ಮುಂದೆ ಓದಲ್ಪಡತಕ್ಕುದು. ಇನ್ನೊಬ್ಬನದು ಕಾಯಕದಾಸೋಹಗಳ ಮೂಲಕ ದಿನದಿನವೂ ಒಪ್ಪಿಸಲ್ಪಟ್ಟುದು. ಹಾಗೆಂದು ಎರಡನೆಯ ಮಾರ್ಗವು ಸುಲಭವಾದುದೆಂದು ತಿಳಿಯಬಾರದು. ಕಡೆಯ ದಿನಕ್ಕೆ ಉಳಿಸಿಕೊಳ್ಳುವ ಅವಕಾಶವೇ ಇಲ್ಲದ ಲೆಕ್ಕವು ಅತ್ಯಂತ ಕಠಿನವಾದುದು. ತೀರ್ಪಿನ ಭಯವಿಲ್ಲವೆಂದು ಲೆಕ್ಕವನ್ನೇ ಬಿಟ್ಟವನು ಎರಡು ಮತಗಳ ದೃಷ್ಟಿಯಿಂದಲೂ ಪತಿತನೇ ಸರಿ.

ಭಯವು ಜನರನ್ನು ಧರ್ಮಕ್ಕೆ ತರಬಲ್ಲುದೇ ಎಂಬ ಪ್ರಶ್ನೆಗೆ ದುಬೊಯ್‌ನ ಬಾಳೇ ಒಂದು ಉತ್ತರವನ್ನು ಕೊಟ್ಟಿತು. ೧೮೨೩ರಲ್ಲಿ ಅವನು ಈ ದೇಶವನ್ನು ಬಿಟ್ಟುಹೋದನು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ, ಇಂಡಿಯಾದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ತನ್ನ ಪತ್ರಗಳಲ್ಲಿ, ಇಷ್ಟು ವರ್ಷಗಳ ದುಡಿಮೆಯಿಂದ ತಾನು ಹೊಸದಾಗಿ ಸೇರಿಸಿದವರು ಇನ್ನೂರು ಮುನ್ನೂರು ಮಂದಿಯಷ್ಟೇ ಎಂದೂ, ಈ ದೇಶದ ಜನರನ್ನು ಮತಾಂತರಿಸುವ ಆಸೆಯು ವ್ಯರ್ಥವೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆದನು. ಇಲ್ಲಿಗೆ ಬಂದ ಯೂರೋಪಿಯನರ ನಡತೆಯೇ ಅವರ ಮತಕ್ಕೆ ಕಳಂಕವೆಂದೂ ಹೇಳಿದನು. ಜೇಮ್ಸ್ ಹಫ್ ಮುಂತಾದ ಪ್ರೊಟೆಸ್ಟೆಂಟ್ ಪಾದ್ರಿಗಳು ೧೮೨೪ರಲ್ಲಿ ಇದಕ್ಕೆ ಖಂಡನಗಳನ್ನು ಬರೆದರು. ಪ್ಯಾರಿಸಿನ ಪರದೇಶ ಮಿಶನ್ನಿನ ಗುರುಕುಲದಲ್ಲಿ ಉಳಿದ ಕಾಲವನ್ನು ಕಳೆದು ದುಬೊಯ್ ೧೮೪೮ರಲ್ಲಿ ಮೃತನಾದನು. ಬೋಧೆಯಿಂದ ಸೇರಿದವರು ಕೆಲವರೇ ಆದರೂ, ಭೂಮಿ ಪಡೆದು ನೆಲಸಿದವರ ಹಳ್ಳಿಯು ಉಳಿಯಿತು. ನರಕದ ಹೆದರಿಕೆಯು ಮಾಡಲಾರದುದನ್ನು ಕರುಣೆಯು ಮಾಡಿತೆಂಬುದಕ್ಕೆ ಸಾತಹಳ್ಳಿಯು ಸಾಕ್ಷಿ.

ಆಮೇಲೆ ಈ ಸೀಮೆಯಲ್ಲಿ ಕ್ರೈಸ್ತರ ನೆಲೆಗಳು ಬೆಳೆದುವು. ಹಾಸನದ ಬಳಿ ಹೇಮಾವತಿಯ ತಡಿಯ ಶೆಟ್ಟಿಹಳ್ಳಿಯಲ್ಲಿ ೧೮೬೦ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಜಪಮಾಲೆಯ ಮಾತೆಯ ಹೆಸರಿನಲ್ಲಿ ಎತ್ತರವಾದ ಇಗರ್ಜಿಯನ್ನು ಕಟ್ಟಿಸಿದರು. ಮಂಜರಾಬಾದಿನ ಮಲೆಗಳಲ್ಲಿ ಕಾಫಿಯ ತೋಟಗಳು ಎದ್ದ ಮೇಲೆ ಕರಾವಳಿಯ ಕಥೋಲಿಕರು ದುಡಿಮೆಗಾಗಿ ಘಟ್ಟವನ್ನೇರಿ ಬಂದರು. ಹಿರಿಯರು ಸೆರೆಯಾಳುಗಳಾಗಿ ಹತ್ತಿದ ಘಟ್ಟಸಾಲನ್ನು ಮುಂದಿನವರು ಸ್ವೇಚ್ಛೆಯಿಂದ ಹತ್ತುವ ಕಾಲವು ಹೀಗೆ ಬಂದಿತು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿದು ಹಿನ್ನೀರು ಏರಿದಾಗ ಶೆಟ್ಟಿಹಳ್ಳಿಯವರು ಊರನ್ನು ಬಿಟ್ಟು ಬೇರೆಡೆಯಲ್ಲಿ ನೆಲಸಿದರು. ಮಾಡಿಲ್ಲದ ಆ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿನೊಳಗೆ ಇಳಿದು ಬೇಸಗೆಯಲ್ಲಿ ಮರಳಿ ಕಾಣಿಸಿಕೊಳ್ಳುತ್ತವೆ.

ಬೋಧೆಯಲ್ಲಿಯೂ ಕಾಲವು ಮಾರ್ಪಾಟುಗಳನ್ನು ತಂದಿತು. ೧೯೬೨ರಿಂದ ೧೯೬೫ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು, ತಮ್ಮದಲ್ಲದ ಕಾರಣದಿಂದ ಕ್ರಿಸ್ತನ ವಾರ್ತೆಯನ್ನು ಅರಿಯದೆ, ಆದರೂ ಶುದ್ಧಹೃದಯದಿಂದ ದೇವರನ್ನು ಅರಸುತ್ತ ಅಂತಃಸಾಕ್ಷಿಯಂತೆ ನಡೆಯುವವರು ಮೋಕ್ಷವನ್ನು ಪಡೆಯಬಲ್ಲರೆಂದು ೧೯೬೪ರಲ್ಲಿ ಸಾರಿತು. ಆ ಸಭೆಯ ತರುವಾಯ ತಿದ್ದಲ್ಪಟ್ಟ ಶವಸಂಸ್ಕಾರದ ಪೂಜಾವಿಧಿಯಲ್ಲಿ, ಕೋಪದ ದಿನವನ್ನು ವರ್ಣಿಸುವ ಹಳೆಯ ಲ್ಯಾಟಿನ್ ಗೀತವನ್ನು ಕೈಬಿಟ್ಟು ಪುನರುತ್ಥಾನದ ಭರವಸೆಗೆ ಪ್ರಾಧಾನ್ಯವನ್ನು ಕೊಟ್ಟರು. ತೀರ್ಪು ಉಂಟೆಂಬ ನಂಬಿಕೆಯು ಅಳಿಯಲಿಲ್ಲ; ತೀರ್ಪುಗಾರನ ಮುಖವು ಸೌಮ್ಯವಾಯಿತು. ಸೆರೆಯಿಂದ ಬಂದವರಿಗೆ ಸಾತಹಳ್ಳಿಯಲ್ಲಿ ಭೂಮಿಯನ್ನು ತೋರಿದ ದಿನದಲ್ಲಿಯೇ ಆ ಸೌಮ್ಯತೆಯು ಹಾಸನ ಸೀಮೆಯಲ್ಲಿ ಆಚರಣೆಗೆ ಬಂದಿತ್ತೆಂಬುದನ್ನು ಚರಿತ್ರೆಯು ಮರೆಯತಕ್ಕುದಲ್ಲ.

ಈ ವೃತ್ತಾಂತದಿಂದ ಗ್ರಹಿಸತಕ್ಕ ಸಾರವಿಷ್ಟು. ಲೆಕ್ಕವುಂಟೆಂಬುದನ್ನು ಎರಡು ಮತಗಳೂ ಒಪ್ಪುವುವು. ಅದನ್ನು ಒಪ್ಪಿಸುವ ಕಾಲದ ವಿಷಯದಲ್ಲಿ ಭೇದವುಂಟು. ಹಸಿದವನ ಅನ್ನವು ಆ ಲೆಕ್ಕದ ಮೊದಲನೆಯ ಬಾಬು ಎಂಬಲ್ಲಿ ಭೇದವಿಲ್ಲ. ಬಿದ್ದವನನ್ನು ದೇವರ ತೀರ್ಪಿಗೆ ಬಿಟ್ಟುಬಿಡಬೇಕೆಂದ ನೊವಾಷಿಯನನ ಪಕ್ಷವು ಕಾಲಾಂತರದಲ್ಲಿ ನಶಿಸಿತು, ಕೈಹಿಡಿದು ಎತ್ತಬೇಕೆಂದ ಸಿಪ್ರಿಯನನ ಪಕ್ಷವು ಉಳಿಯಿತು. ಬಿದ್ದವನನ್ನು ಎತ್ತುವ ಕೈಯೇ ದೇವರ ನ್ಯಾಯಕ್ಕೆ ಹತ್ತಿರವಾದುದೆಂಬ ಅರಿವು ಮಠದ ಸದ್ಭಕ್ತರೆಲ್ಲರಲ್ಲಿಯೂ ನೆಲೆಗೊಂಡು, ಕಾಯಕದಾಸೋಹಗಳ ಲೆಕ್ಕವು ಬಾಕಿಯಿಲ್ಲದೆ ದಿನದಿನವೂ ಸಲ್ಲುತ್ತಿರಲಿ. ಸರ್ವರಿಗೂ ಮಂಗಳವಾಗಲಿ.